ಎಸ್. ಭದ್ರಾವತಿಯವರ ಹೆಂಡತಿ

ವಿನೋಬನಗರ

ಸಿಂಗಾಪುರ ಹೇಗಿದೆ ಎಂದು ಕೇಳಿದವರಿಗೆಲ್ಲ ಚೊಕ್ಕಟವಾಗಿದೆ ಎಂದು ಹೇಳಿ ಮಾತು ಮುಗಿಸಿದ್ದೇನೆ. ಅದು ಸುಳ್ಳಲ್ಲ. ರಸ್ತೆಯಲ್ಲಿ ಉಗುಳುವವರಿಲ್ಲ, ಬಸ್ಸು ನಿಲ್ದಾಣದಲ್ಲೇ ನಿಲ್ಲುತ್ತದೆ, ಮಳೆ ಬಂದರೆ ನೆನೆಯದೆ ನಡೆಯಲಿಕ್ಕೆ ಕಾಲುದಾರಿಯ ಮೇಲೆಲ್ಲ ಮಾಡು ಹಾಕಿದ್ದಾರೆ. ಆದರೆ ನಾನು ಹೋಗಿದ್ದು ರಸ್ತೆ ನೋಡಲಿಕ್ಕಲ್ಲ. ನನ್ನನ್ನು ಕರೆಸಿಕೊಂಡಿದ್ದರು. ಕರೆಸಿಕೊಂಡವರಿಗೆ ನಾನು ಅಲ್ಲಿದ್ದಷ್ಟು ದಿನವೂ ನಾನು ಯಾರೆಂದು ಗೊತ್ತಾಗಲಿಲ್ಲ. ಹೇಳಬೇಕಾಗಿರುವುದು ಅದನ್ನು.

ನನ್ನ ಕೆಲಸ ಹಲ್ಲು ಮಾಡುವುದು. ಶಿವಮೊಗ್ಗದ ವಿನೋಬನಗರದ ಒಂದು ದಂತ ಚಿಕಿತ್ಸಾಲಯದ ಹಿಂದಿನ ಕೋಣೆಯಲ್ಲಿ ಕೂತು, ಡಾಕ್ಟರು ತೆಗೆದ ಅಳತೆಗೆ ಹಲ್ಲಿನ ಸೆಟ್ ಕೂರಿಸುತ್ತೇನೆ. ಒಂದು ದಿನ ಡಾಕ್ಟರು ಕೈ ಮುರಿದ ಗೊಂಬೆಯೊಂದನ್ನು ತಂದರು. "ಸುಜಾತಾ, ಮಗ ಬೆಳಗ್ಗೆಯಿಂದ ಅಳ್ತಿದಾನೆ. ಏನಾದ್ರೂ ಮಾಡಕ್ಕಾಗುತ್ತಾ ನೋಡಮ್ಮ."

ಗೇಣುದ್ದದ ಗೊಂಬೆ. ಹೊರದೇಶದಿಂದ ಬಂದದ್ದು. ಕುತ್ತಿಗೆ, ಮೊಣಕೈ, ಸೊಂಟ, ಪಾದ, ಎಲ್ಲ ಕಡೆ ಕೀಲು. ಮಕ್ಕಳು ಆಡಲಿ ಎನ್ನುವುದಕ್ಕಿಂತ ದೊಡ್ಡವರು ಗಾಜಿನ ಬೀರುವಿನಲ್ಲಿಟ್ಟು ನೋಡಲಿ ಎಂದು ಮಾಡಿದ್ದು. ಅದು ಬಾಹ್ಯಾಕಾಶದ ಸಿನಿಮಾ ಸರಣಿಯೊಂದರ ಪಾತ್ರವೆಂದು ಕಂಡ ಕೂಡಲೇ ಗೊತ್ತಾಯಿತು. ಆ ಸರಣಿಯ ಒಂದೊಂದು ಭಾಗವನ್ನೂ ನಾನು ಭದ್ರಾವತಿಯ ಟಾಕೀಸಿನಲ್ಲಿ ನೋಡಿದವಳು. ದೂರದ ಯಾವುದೋ ಗ್ರಹದ ಗಣಿಯಲ್ಲಿ ದುಡಿಯುವವರ ಕಥೆ ಅದು. ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಬೆಳೆದ ನಮಗೆ ಸೈರನ್ನು, ಹೆಲ್ಮೆಟ್ಟು, ಪಾಳಿ ಮುಗಿಸಿ ಮಸಿ ಮುಖದಲ್ಲಿ ಬರುವ ಗಂಡಸರು ಯಾವುದೂ ಹೊಸದಾಗಿರಲಿಲ್ಲ. ಆಕಾಶವೊಂದು ಬೇರೆ, ಅಷ್ಟೇ.

ಕೈಯನ್ನು ಹಲ್ಲಿಗೆ ಬಳಸುವ ಅಕ್ರಿಲಿಕ್ಕಿನಿಂದಲೇ ಕೂಡಿಸಿಕೊಟ್ಟೆ. ಕೊಡುವ ಮೊದಲು ಅದರ ಬಾಯಿ ನೋಡಿದೆ. ನಗುವ ಗಣಿ ಮೇಸ್ತ್ರಿ. ಹಲ್ಲೆಲ್ಲ ಒಂದೇ ಬಿಳಿ, ಒಂದೇ ಅಳತೆ, ಮಧ್ಯೆ ಗೆರೆಯೇ ಇಲ್ಲ. ದುರ್ಗಿಗುಡಿಯ ಸೈಬರ್ ಕೆಫೆಯಲ್ಲಿ ಕೂತು ಹುಡುಕಿದರೆ, ಆ ಗೊಂಬೆಯನ್ನು ಲೋಕದ ತುಂಬ ಜನ ಹೊಗಳಿದ್ದರು. "ಈ ಮೇಸ್ತ್ರಿ ಹುಟ್ಟಿದಾಗಿನಿಂದ ಏನನ್ನೂ ಅಗಿದಿಲ್ಲ" ಎಂದು ನಾನು ಒಂದು ಸಾಲು ಬರೆದೆ. ಇಂಗ್ಲಿಷ್ ಬರೆಯಲು ನನಗೆ ಬರುತ್ತದೆ. ಮಾತಾಡುವಾಗ ನಾಲಿಗೆ ಹಿಂದೆ ಬೀಳುತ್ತದೆ. ಆ ಸಾಲು ಓದಿದ ಸಿಂಗಾಪುರದ ಒಂದು ಅಂತರ್ಜಾಲ ಪತ್ರಿಕೆಯವರು ಇನ್ನಷ್ಟು ಬರೆಯಿರಿ ಎಂದರು. ಅಲ್ಲಿ ಹೆಸರು ನೋಂದಾಯಿಸುವಾಗ ಮನೆತನದ ಹೆಸರು ಹಾಕದೆ ಮುಂದೆ ಬಿಡಲಿಲ್ಲ. ನಮಗೆಲ್ಲಿಯ ಮನೆತನದ ಹೆಸರು? ಹುಟ್ಟಿದೂರು ಹಾಕಿದೆ. ಹಾಗೆ ನಾನು ಎಸ್. ಭದ್ರಾವತಿಯಾದೆ.

ಆಮೇಲೆ ಅವರೇ ಹೊಸ ಹೊಸ ಗೊಂಬೆಗಳನ್ನು ಪೆಟ್ಟಿಗೆಯಲ್ಲಿ ಕಳಿಸತೊಡಗಿದರು. ನಾನು ನೋಡಿ ಬರೆಯುತ್ತಿದ್ದೆ. ಅಚ್ಚಿನ ಎರಡು ಭಾಗ ಕೂಡುವ ಗೆರೆ ಕೆನ್ನೆಯ ಮೇಲೆ ಬಂದಿದೆಯೋ ಕಿವಿಯ ಹಿಂದೆ ಅಡಗಿದೆಯೋ, ಬಣ್ಣ ಕಣ್ಣಿನ ಅಂಚು ದಾಟಿದೆಯೋ, ಕೈಗೆ ಕೊಟ್ಟ ಸುತ್ತಿಗೆ ಹಿಡಿತದಲ್ಲಿ ಕೂರುತ್ತದೆಯೋ. ಎಲ್ಲಕ್ಕಿಂತ ಮೊದಲು, ಗೊಂಬೆ ಯಾರ ಆಸರೆಯೂ ಇಲ್ಲದೆ ಮೇಜಿನ ಮೇಲೆ ನಿಲ್ಲುತ್ತದೆಯೋ. ಮಗಳಿಗೆ ಈ ಗೊಂಬೆಗಳು ಬೇಡವೇ ಬೇಡ. "ಇದಕ್ಕೆ ಕೂದಲು ಬಾಚಕ್ಕಾಗಲ್ಲ" ಎನ್ನುತ್ತಾಳೆ. ಅತ್ತೆಗೆ ಅದು ಮಕ್ಕಳಾಟ. ನಮ್ಮ ಯಜಮಾನರು ಶೇಖರ್ ಮಾತ್ರ ಏನೂ ಅನ್ನುತ್ತಿರಲಿಲ್ಲ. ರಾತ್ರಿ ಊಟದ ಹೊತ್ತಿನಲ್ಲಿ ಬಂದ ಗೊಂಬೆಯ ಬಗ್ಗೆ ನಾನು ಹೇಳುತ್ತಿದ್ದೆ, ಅವರು ಟಿವಿ ನೋಡುತ್ತ ಹ್ಞೂಂಗುಟ್ಟುತ್ತಿದ್ದರು.

ಅವರ ಕೆಲಸ ಭದ್ರಾವತಿಯ ಒಂದು ಕಾರ್ಖಾನೆಯ ಕಚೇರಿಯಲ್ಲಿ. ಆ ವರ್ಷಗಳಲ್ಲಿ ಅಲ್ಲಿ ಕೆಲಸವೇ ಉಳಿದಿರಲಿಲ್ಲ. ಇವರನ್ನು ಹೆಚ್ಚುವರಿ ಎಂದು ಪಟ್ಟಿ ಮಾಡಿ ಬೇರೆ ಕೋಣೆಗೆ ಹಾಕಿದ್ದರು. ಬೆಳಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ರೈಲು ಹತ್ತುತ್ತಿದ್ದರು, ಸಂಜೆ ಅದೇ ಇಸ್ತ್ರಿಯಲ್ಲಿ ಇಳಿಯುತ್ತಿದ್ದರು.

ಸಿಂಗಾಪುರದ ಸಂಗ್ರಾಹಕರು ಒಂದು ಸಮಾವೇಶ ಮಾಡುತ್ತಾರೆ, ಸರಣಿಯ ಹೊಸ ಗೊಂಬೆಯನ್ನು ಅಲ್ಲಿ ಮೊದಲ ಸಲ ತೋರಿಸುತ್ತಾರೆ, ನೀವು ಬಂದು ಮಾತಾಡಬೇಕು, ಗೊಂಬೆ ನೋಡಿ ಅಲ್ಲೇ ತೀರ್ಪು ಹೇಳಬೇಕು ಎಂದು ಪತ್ರಿಕೆಯ ಸಂಪಾದಕ ಡೆರಿಕ್ ಬರೆದ. ಗಂಡ ಹೆಂಡತಿ ಇಬ್ಬರೂ ಬರುತ್ತೇವೆ ಎಂದು ಉತ್ತರಿಸಿದೆ. ಎರಡು ಟಿಕೆಟ್ ಬಂತು.

"ಗೊಂಬೆ ಬಗ್ಗೆ ಬರೆದ್ರೆ ವಿಮಾನ ಹತ್ತಿಸ್ತಾರಾ ಮಾರಾಯ್ತಿ?" ಎಂದು ಇವರು ನಕ್ಕರು. ಖುಷಿಯಿಂದಲೇ ನಕ್ಕದ್ದು. ಮಗಳನ್ನು ಭದ್ರಾವತಿಯಲ್ಲಿ ಅಮ್ಮನ ಮನೆಗೆ ಬಿಟ್ಟೆವು. ನಾನು ಭಾಷಣವನ್ನು ಇಂಗ್ಲಿಷಿನಲ್ಲಿ ಬರೆದು, ಗಾಡ್ರೇಜಿನ ಕನ್ನಡಿಯ ಮುಂದೆ ನಿಂತು ದಿನಾ ಗಟ್ಟಿಯಾಗಿ ಓದಿದೆ.

ಚೆನ್ನೈ, ತಪಾಸಣೆಯ ಸಾಲು

ನನ್ನ ಕೈಚೀಲದಲ್ಲಿ ಒಂದೇ ಗೊಂಬೆ ಇತ್ತು. ಭಾಷಣದಲ್ಲಿ ತೋರಿಸಲೆಂದು ಒಯ್ದ ಗಣಿ ಕಾವಲುಗಾರ. ಯಂತ್ರದೊಳಗೆ ಹೋದ ಚೀಲವನ್ನು ತಪಾಸಣೆಯವನು ಪಕ್ಕಕ್ಕೆ ಎಳೆದು, ಗೊಂಬೆಯನ್ನು ತೆಗೆದು, ಅದರ ಕೈಯಿಂದ ಬೆರಳಿನ ಗೆಣ್ಣಿನಷ್ಟುದ್ದದ ಬಂದೂಕನ್ನು ಕಿತ್ತ.

"ಇದನ್ನ ಬಿಡಕ್ಕಾಗಲ್ಲ" ಎಂದು ತಮಿಳಿನಲ್ಲಿ ಹೇಳಿದ.

ಕ್ವಾರ್ಟರ್ಸಿನಲ್ಲಿ ನಮ್ಮ ಅಕ್ಕಪಕ್ಕ ತಮಿಳಿನವರೇ. ನಾನು ತಮಿಳಿನಲ್ಲೇ, ಅದು ಪ್ಲಾಸ್ಟಿಕ್ಕು, ಒಳಗೆ ತೂತು ಕೂಡ ಇಲ್ಲ, ನೋಡಿ ಎಂದೆ. ಆತ ನನ್ನ ಮಾತು ಕೇಳಿಸಿಕೊಂಡು, ಉತ್ತರವನ್ನು ಮಾತ್ರ ಇವರಿಗೆ ಹೇಳಿದ. "ಸಾರ್, ಇದು ಮಗುಗಾ?"

"ಹೌದು ಹೌದು, ಮಗುಗೆ" ಎಂದರು ಇವರು. ಹೇಳಿ ನನ್ನ ಕಡೆ ನೋಡಲಿಲ್ಲ.

ಶಿವಮೊಗ್ಗದ ಬಸ್‌ಸ್ಟ್ಯಾಂಡಿನಲ್ಲೂ ಕಂಡಕ್ಟರು ಹೆಂಗಸಿನ ಪ್ರಶ್ನೆಗೆ ಗಂಡಸಿನ ಮುಖ ನೋಡಿಯೇ ಉತ್ತರ ಕೊಡುವುದು. ಹಾಗಾಗಿ ನನಗದು ದೊಡ್ಡದೆನ್ನಿಸಲಿಲ್ಲ. ಬಂದೂಕು ಹೋದ ಕಾವಲುಗಾರ ಬರಿಗೈಯನ್ನು ಮುಂದೆ ಚಾಚಿಕೊಂಡು ನನ್ನ ತೊಡೆಯ ಮೇಲೆ ಸಮುದ್ರ ದಾಟಿದ.

ಸಿಂಗಾಪುರ, ಹೊರಬರುವ ಬಾಗಿಲು

ಎಸ್. ಭದ್ರಾವತಿ ಎಂದು ಇಂಗ್ಲಿಷಿನಲ್ಲಿ ಬರೆದ ರಟ್ಟು ದೂರದಿಂದಲೇ ಕಂಡಿತು. ಹಿಡಿದವನು ನಲವತ್ತರ ಆಸುಪಾಸಿನ ದುಂಡು ಮುಖದ ಮನುಷ್ಯ. ಡೆರಿಕ್ ಇವನೇ ಎಂದು ಫೋಟೋದಿಂದ ಗುರುತು ಸಿಕ್ಕಿತು. ನಾನು ಕೈ ಎತ್ತುವಷ್ಟರಲ್ಲಿ ಅವನು ರಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಓಡಿಬಂದು, ಎರಡೂ ಕೈಯಲ್ಲಿ ಇವರ ಕೈ ಹಿಡಿದು ಅಲ್ಲಾಡಿಸಿದ. ಟಿಕೆಟ್ಟಿಗೆಂದು ನಾನು ಕಳಿಸಿದ ಹೆಸರುಗಳಲ್ಲಿ ಇವರ ಹೆಸರೂ ಎಸ್‌ನಿಂದಲೇ ಶುರು. ಇವರೇ ಭದ್ರಾವತಿ ಎಂದುಕೊಂಡುಬಿಟ್ಟಿದ್ದ.

ಇವರು ತಬ್ಬಿಬ್ಬಾದರು. ಅದನ್ನು ನಾನು ಕಂಡೆ. ಬಾಯಿ ತೆರೆದು ನನ್ನ ಕಡೆ ತಿರುಗಿದರು ಕೂಡ. ಆದರೆ ಡೆರಿಕ್ ಮಾತು ನಿಲ್ಲಿಸಲಿಲ್ಲ. ನಿಮ್ಮ ಬರಹಕ್ಕಾಗಿ ನಾವು ಕಾಯುತ್ತೇವೆ, ಗೊಂಬೆ ಮಾಡುವ ಕಂಪನಿಗಳು ನಿಮ್ಮ ಹೆಸರು ಕೇಳಿದರೆ ಬೆವರುತ್ತವೆ, ನೀವು ಇಷ್ಟು ಎತ್ತರ ಇದ್ದೀರೆಂದುಕೊಂಡಿರಲಿಲ್ಲ ಎಂದು ಒಂದೇ ಸಮನೆ ಹೇಳಿದ. ನನಗೂ ನಮಸ್ಕರಿಸಿ ನನ್ನ ಸೂಟ್‌ಕೇಸ್ ಎತ್ತಿಕೊಂಡ.

"ಎಕ್ಸ್‌ಕ್ಯೂಸ್ ಮಿ" ಎಂದು ನಾನು ಶುರು ಮಾಡಿದೆ. ಮುಂದಿನ ವಾಕ್ಯವನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುವಷ್ಟರಲ್ಲಿ ಆತ, "ಟಾಯ್ಲೆಟ್ ಅಲ್ಲಿದೆ ಮೇಡಂ" ಎಂದು ಕೈ ತೋರಿಸಿದ.

ಇವರು ನನ್ನ ಕಿವಿಯ ಹತ್ತಿರ ಬಂದು, "ಆಮೇಲೆ ಹೇಳೋಣ ಬಿಡು. ಪಾಪ, ಎಲ್ಲರೆದುರಿಗೆ ಅವನಿಗೆ ಮುಜುಗರ ಆಗುತ್ತೆ" ಎಂದರು.

ನನಗೂ ಹಾಗೇ ಅನ್ನಿಸಿತು. ಕಾರಿನಲ್ಲಿ ಅವರಿಬ್ಬರೂ ಮುಂದೆ ಕೂತರು, ನಾನು ಹಿಂದೆ ಕೂತೆ.

ಊಟದ ಅಂಗಳ

ಸಿಂಗಾಪುರದವರು ಮನೆಯಲ್ಲಿ ಅಡುಗೆ ಮಾಡುವುದೇ ಕಡಿಮೆಯೇನೋ. ದೊಡ್ಡ ಮಾಡಿನ ಕೆಳಗೆ ಸಾಲು ಸಾಲು ಅಂಗಡಿ, ಮಧ್ಯೆ ನೆಲಕ್ಕೆ ಬಿಗಿದ ಮೇಜುಗಳು, ಇಡೀ ಊರು ಅಲ್ಲಿ ಉಣ್ಣುತ್ತದೆ. ನಾನು ಖಾಲಿ ಮೇಜೊಂದನ್ನು ಹಿಡಿದು ಕೂತೆ. ಮೇಲೆ ಯಾರೋ ಬಿಟ್ಟುಹೋದ ಕಾಗದದ ಕರವಸ್ತ್ರದ ಸಣ್ಣ ಪೊಟ್ಟಣವಿತ್ತು. ಬೆವರಿದ್ದೆ, ಬಿಚ್ಚಿ ಮುಖ ಒರೆಸಿಕೊಂಡೆ. ಅಷ್ಟರಲ್ಲಿ ಎರಡು ತಟ್ಟೆ ಹಿಡಿದ ಹುಡುಗಿಯೊಬ್ಬಳು ಬಂದು ನನ್ನನ್ನೂ ಪೊಟ್ಟಣವನ್ನೂ ನೋಡುತ್ತ ನಿಂತಳು. ಒಂದು ಮಾತೂ ಆಡಲಿಲ್ಲ. ಡೆರಿಕ್ ಓಡಿಬಂದು ನನ್ನನ್ನು ಎಬ್ಬಿಸಿದ. ಪೊಟ್ಟಣ ಇಟ್ಟರೆ ಜಾಗ ಹಿಡಿದಂತೆ ಲೆಕ್ಕವಂತೆ.

ನಮ್ಮಲ್ಲಿ ತೀರ್ಥಹಳ್ಳಿ ಬಸ್ಸಿಗೆ ಕಿಟಕಿಯಿಂದ ಟವೆಲ್ ಎಸೆಯುವುದಿಲ್ಲವೇ, ಹಾಗೇ. ಒಂದೇ ವ್ಯತ್ಯಾಸ, ನಮ್ಮಲ್ಲಾದರೆ ಟವೆಲ್ ಎಸೆದವನು ಬಂದು, "ಏನ್ರೀ ಅಮ್ಮ, ಕಣ್ಣು ಕಾಣಲ್ವಾ?" ಎಂದು ಜಗಳಕ್ಕೆ ನಿಲ್ಲುತ್ತಾನೆ. ನಾವೂ ಎರಡು ಮಾತು ಆಡುತ್ತೇವೆ. ಇಲ್ಲಿ ಆ ಹುಡುಗಿ ಸುಮ್ಮನೆ ನೋಡಿದಳು. ಹಾಗೆ ನೋಡಿಸಿಕೊಂಡರೆ ಜಗಳಕ್ಕಿಂತ ಹೆಚ್ಚು ಅವಮಾನವಾಗುತ್ತದೆ.

ನಾವು ಹೋಗಿ ಕೂತ ಬೇರೆ ಮೇಜಿಗೆ ಡೆರಿಕ್‌ನ ಗೆಳೆಯರು ಮೂರು ನಾಲ್ಕು ಜನ ಬಂದು ಸೇರಿಕೊಂಡರು. ಎಲ್ಲ ಕಚೇರಿಯಿಂದ ನೇರ ಬಂದವರು, ಕತ್ತಿನಲ್ಲಿ ಗುರುತಿನ ಚೀಟಿ. ಅವರಲ್ಲೊಬ್ಬ ಇವರನ್ನು ಕೇಳಿದ: ಆ ಗಗನನೌಕೆಯ ವೈದ್ಯನ ಗೊಂಬೆಯನ್ನು ಎಲ್ಲರೂ ಮೆಚ್ಚಿದಾಗ ನೀವೊಬ್ಬರೇ ಏಕೆ ಬೈದಿರಿ?

ಈಗ ಹೇಳುತ್ತಾರೆ, ಅದು ನಾನಲ್ಲ, ಇವಳು ಎಂದು. ಹಾಗೆಂದುಕೊಂಡು ನಾನು ಚಮಚ ಕೆಳಗಿಟ್ಟೆ.

ಇವರು ನೀರು ಕುಡಿದು, ನಿಧಾನವಾಗಿ, ಒಳ್ಳೆಯ ಇಂಗ್ಲಿಷಿನಲ್ಲಿ ಹೇಳಿದರು. "ವೈದ್ಯನ ಕೈ ನೋಡಿ. ಹತ್ತು ಬೆರಳೂ ಒಂದೇ ಕಡೆ ಬಾಗಿವೆ. ಇನ್ನೊಬ್ಬರ ನಾಡಿ ಹಿಡಿದ ಕೈ ಹಾಗಿರುವುದಿಲ್ಲ. ಮುಖ ಕೆತ್ತುವುದಕ್ಕೆ ತಿಂಗಳು ಕೂತವರು ಕೈಗೆ ಒಂದು ಮಧ್ಯಾಹ್ನವನ್ನೂ ಕೊಟ್ಟಿಲ್ಲ."

ಅದು ನನ್ನ ಮಾತು. ನಾನು ಬರೆದದ್ದರಲ್ಲಿ ಬೆರಳಿನ ವಿಷಯ ಇತ್ತು, ಮಧ್ಯಾಹ್ನದ ಮಾತು ಇರಲಿಲ್ಲ. ಅದನ್ನು ನಾನು ಹೇಳಿದ್ದು ಮನೆಯಲ್ಲಿ, ಇವರಿಗೆ ಸಾರು ಬಡಿಸುತ್ತ. ಟಿವಿಯಲ್ಲಿ ಕ್ರಿಕೆಟ್ ನಡೆಯುತ್ತಿತ್ತು.

ಮೇಜಿನವರೆಲ್ಲ ತಲೆದೂಗಿದರು. ಇಷ್ಟು ವರ್ಷ ನನ್ನ ಮಾತನ್ನು ಇವರು ಕೇಳುವುದೇ ಇಲ್ಲ ಎಂದು ನಾನು ಒಳಗೊಳಗೆ ನೊಂದುಕೊಂಡದ್ದಿತ್ತು. ಕೇಳಿದ್ದರು. ಒಂದಕ್ಷರ ಬಿಡದೆ ಕೇಳಿದ್ದರು. ಅದು ಗೊತ್ತಾಗಬೇಕಾದದ್ದು ಹೀಗೆ, ಇಷ್ಟು ಜನರ ಮುಂದೆ, ಇವರ ಬಾಯಿಂದ ಇವರದೇ ಮಾತಾಗಿ. ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಡೆರಿಕ್ ನನ್ನ ಕಡೆ ಬಾಗಿ, ಖಾರ ಹೆಚ್ಚಾಯಿತೇ ಎಂದು ಕೇಳಿದ.

ಹೋಟೆಲು

ಕೋಣೆಗೆ ಬಂದ ಕೂಡಲೇ ಕೇಳಿದೆ. "ಯಾವಾಗ ಹೇಳ್ತೀರಿ?"

"ನಾಳೆ ಹೇಳ್ತೀನಿ ಮಾರಾಯ್ತಿ. ಎಲ್ಲ ಒಳ್ಳೆ ಜನ. ತಮಾಷೆ ಮಾಡಿ ಹೇಳಿದ್ರೆ ನಗ್ತಾರೆ, ಮುಗೀತು."

"ನಾನು ನಗಬೇಕಾ ಅದಕ್ಕೆ?"

ಇವರು ಬೂಟು ಬಿಚ್ಚುತ್ತ ತಲೆ ಎತ್ತದೆ, "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಅಷ್ಟು ಜನರ ಮುಂದೆ ನಿನಗೆ ಇಂಗ್ಲಿಷಲ್ಲಿ ಮಾತಾಡಕ್ಕಾಗುತ್ತಾ? ಇವತ್ತು ಒಂದು ಎಕ್ಸ್‌ಕ್ಯೂಸ್ ಮಿ ಹೇಳಕ್ಕೇ ಒದ್ದಾಡ್ದೆ" ಎಂದರು.

"ನೋಡ್ಕೊಂಡು ಓದ್ತೀನಿ. ಅದಕ್ಕೇ ಬರ್ಕೊಂಡು ಬಂದಿರೋದು."

"ಕೊಡು ಇಲ್ಲಿ, ಉಚ್ಚಾರ ಎಲ್ಲಿ ತಪ್ಪುತ್ತೆ ಅಂತ ಗುರುತು ಹಾಕ್ಕೊಡ್ತೀನಿ."

ಭಾಷಣದ ಹಾಳೆಗಳನ್ನು ಕೊಟ್ಟೆ. ಇವರು ಕಿಟಕಿಯ ಪಕ್ಕ ಕೂತು ಪೆನ್ಸಿಲ್ ಹಿಡಿದರು. ಹದಿನೆಂಟನೆಯ ಮಹಡಿ. ಕೆಳಗೆ ಬಂದರಿನ ಹಡಗುಗಳು ಎಮ್ಮೆಗಳು ಕೆರೆಯಲ್ಲಿ ಮಲಗಿದಂತೆ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿದ್ದವು. ಇವರ ಮುಖದಲ್ಲಿ ಬಹಳ ದಿನಗಳಿಂದ ಕಾಣದಿದ್ದ ಗೆಲುವಿತ್ತು. ಅದನ್ನು ನೋಡಿ ನನ್ನ ಸಿಟ್ಟು ಅರ್ಧ ಇಳಿಯಿತು. ಇಳಿಯಬಾರದಿತ್ತು.

ಆರ್ಕಿಡ್ ತೋಟದ ದಾರಿ

ಬೆಳಗ್ಗೆ ಸಮಾವೇಶದ ಬಾಗಿಲಲ್ಲಿ ಕೊರಳಿಗೆ ಚೀಟಿ ಹಾಕಿದರು. ಇವರದರಲ್ಲಿ ಎಸ್. ಭದ್ರಾವತಿ, ಮುಖ್ಯ ಅತಿಥಿ. ನನ್ನದರಲ್ಲಿ ಮಿಸೆಸ್ ಭದ್ರಾವತಿ. ಒಳಗೆ ನೂರಾರು ಗಂಡಸರು ಗಾಜಿನ ಪೆಟ್ಟಿಗೆಗಳ ಮುಂದೆ ಸಾಲಾಗಿ, ಸದ್ದಿಲ್ಲದೆ, ಕೈ ಹಿಂದೆ ಕಟ್ಟಿಕೊಂಡು ನಡೆಯುತ್ತಿದ್ದರು. ನಮ್ಮಲ್ಲಿ ದೇವರ ಗರ್ಭಗುಡಿಯ ಮುಂದೆ ಕೂಡ ಅಷ್ಟು ಶಿಸ್ತು ನಾನು ಕಂಡಿಲ್ಲ.

ಡೆರಿಕ್‌ನ ಹೆಂಡತಿ ಗ್ರೇಸ್ ಬಂದು ನನ್ನ ತೋಳು ಹಿಡಿದಳು. ಹೆಂಗಸರಿಗೆಲ್ಲ ಇಲ್ಲಿ ಬೇಸರವಾಗುತ್ತದೆ, ಆರ್ಕಿಡ್ ತೋಟಕ್ಕೆ ಹೋಗಿಬರೋಣ ಎಂದಳು. ನಾನು ಇವರ ಮುಖ ನೋಡಿದೆ.

"ಹೋಗಿ ಬಾ. ನಿನ್ನ ಭಾಷಣ ಇರೋದು ಮಧ್ಯಾಹ್ನ ಊಟ ಆದ್ಮೇಲೆ. ಅಷ್ಟರಲ್ಲಿ ನಾನು ಡೆರಿಕ್‌ಗೆ ಎಲ್ಲಾ ಹೇಳಿರ್ತೀನಿ" ಎಂದರು.

ವ್ಯಾನಿನಲ್ಲಿ ಐದಾರು ಹೆಂಗಸರು. ತ್ಯಾವರೆಕೊಪ್ಪದ ಸಫಾರಿ ಬಸ್ಸಿನಂತೆ ದೊಡ್ಡ ಗಾಜು, ಹೊರಗೆ ನೋಡಲಿಕ್ಕೆ ಎತ್ತರದ ಕಟ್ಟಡಗಳು. ಓಡಿಸುವವರು ತಮಿಳಿನವರು, ನರೆತ ಮೀಸೆ, ಮುರುಗೇಶನ್ ಎಂದು ಹೆಸರು. ಸ್ವಲ್ಪ ದೂರ ಹೋದ ಮೇಲೆ ಗ್ರೇಸ್ ಕೈಗಡಿಯಾರ ನೋಡಿಕೊಂಡು ನನ್ನ ಕೈ ತಟ್ಟಿದಳು.

"ನಿಮ್ಮವರ ಭಾಷಣ ಇನ್ನೇನು ಶುರುವಾಗುತ್ತೆ. ನಿಮಗೆ ತಪ್ಪಿಹೋಯ್ತು ಅಂತ ಬೇಜಾರಿಲ್ಲ ತಾನೇ? ಮನೆಯಲ್ಲಿ ಎಷ್ಟು ಸಲ ಕೇಳಿರ್ತೀರೋ ಏನೋ!"

ಊಟದ ನಂತರ ಅಲ್ಲವೇ ಎಂದು ಕೇಳಿದೆ. ಅಲ್ಲ, ಮೊದಲಿನಿಂದಲೂ ಬೆಳಗ್ಗೆಯೇ ಇದ್ದದ್ದು, ನಿನ್ನೆ ಊಟದ ಹೊತ್ತಿನಲ್ಲೇ ಡೆರಿಕ್ ಅವರಿಗೆ ಹೇಳಿದ್ದಾನೆ ಎಂದಳು.

ನಾನು ಎದ್ದು ಮುಂದೆ ಹೋದೆ. "ಅಣ್ಣಾ, ವಂಡಿಯೆ ತಿರುಪ್ಪುಂಗ" ಎಂದೆ. ಗಾಡಿ ತಿರುಗಿಸಿ ಎಂದು.

"ಎನ್ನಾಚ್ಚಮ್ಮಾ?" ಎಂದರು ಮುರುಗೇಶನ್, ಏನಾಯ್ತಮ್ಮ ಎಂದು. ಹೆದ್ದಾರಿಯಲ್ಲಿ ತಿರುಗಿಸಲಾಗುವುದಿಲ್ಲ, ಇವರನ್ನು ತೋಟದಲ್ಲಿಳಿಸಿ ನಿಮ್ಮನ್ನು ವಾಪಸ್ ಬಿಡುತ್ತೇನೆ, ಕೂತುಕೊಳ್ಳಿ ಎಂದರು. ತೋಟದ ಬಾಗಿಲಲ್ಲಿ ಹೆಂಗಸರೆಲ್ಲ ಇಳಿದರು. ಮೈಗೆ ಹುಷಾರಿಲ್ಲ ಎಂದು ಗ್ರೇಸ್‌ಗೆ ಹೇಳಿದೆ. ಹೂವನ್ನು ನಾನು ನೋಡಲಿಲ್ಲ.

ವಾಪಸ್ ಬರುವಾಗ ಮುರುಗೇಶನ್‌ಗೆ ಎಲ್ಲ ಹೇಳಿದೆ. ಹಲ್ಲಿನ ಕೆಲಸ, ಗೊಂಬೆ, ನಿನ್ನೆ ಏರ್‌ಪೋರ್ಟು, ಊಟದ ಮೇಜು. ಆ ಊರಿನಲ್ಲಿ ನಿಜ ಸಂಗತಿ ಗೊತ್ತಾದ ಮನುಷ್ಯ ಅವರೊಬ್ಬರೇ. ಅವರು ದಾರಿಯ ಮೇಲಿನ ಕಣ್ಣು ತೆಗೆಯದೆ ಕೇಳಿಸಿಕೊಂಡು ಕೊನೆಯಲ್ಲಿ, "ನೀಂಗಳೇ ಪೇಸಿಯಿರುಕ್ಕಲಾಮೇ ಅಮ್ಮಾ" ಎಂದರು. ನೀವೇ ಮಾತಾಡಬಹುದಿತ್ತಲ್ಲಮ್ಮ.

ಹೌದು. ಮಾತಾಡಬಹುದಿತ್ತು. ಹೇಳುವುದು ಸುಲಭ.

ಸಭಾಂಗಣ

ಬಾಗಿಲು ತಳ್ಳಿದಾಗ ಇವರು ವೇದಿಕೆಯ ಮೇಲೆ ನನ್ನ ಹಾಳೆಗಳನ್ನು ಹಿಡಿದು ಓದುತ್ತಿದ್ದರು. ಉಚ್ಚಾರ ಒಂದೂ ತಪ್ಪುತ್ತಿರಲಿಲ್ಲ. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತಿದ್ದರು. ನಾನಾದರೆ ಖಂಡಿತ ಅಷ್ಟು ಚೆನ್ನಾಗಿ ಓದುತ್ತಿರಲಿಲ್ಲ. ಹಿಂದಿನ ಗೋಡೆಗೆ ಒರಗಿ ನಿಂತೆ.

ಭಾಷಣದಲ್ಲಿ ಒಂದು ಕಡೆ, "ನಾನು ಹಲ್ಲು ಮಾಡುವವಳು. ಬಾಯಿ ಮುಚ್ಚಿದ್ದಾಗಲೂ ಹಲ್ಲು ಮುಖವನ್ನು ಒಳಗಿನಿಂದ ಹಿಡಿದಿರುತ್ತದೆ. ಗೊಂಬೆಯ ಮುಖವನ್ನೂ ಹಾಗೇ ಒಳಗಿನಿಂದ ನೋಡಬೇಕು" ಎಂದು ಬರೆದಿದ್ದೆ. ಆ ಜಾಗ ಬರುವುದನ್ನೇ ಕಾದೆ. ಅಲ್ಲಿ ಇವರು ಸಿಕ್ಕಿಬೀಳಲೇಬೇಕು.

"ನನ್ನ ಪರಿಚಯದವರೊಬ್ಬರು ಹಲ್ಲು ಮಾಡುತ್ತಾರೆ" ಎಂದು ಓದಿದರು.

ನಿನ್ನೆ ಕಿಟಕಿಯ ಪಕ್ಕ ಕೂತು ಪೆನ್ಸಿಲಿನಲ್ಲಿ ಗುರುತು ಹಾಕಿದ್ದು ಅದನ್ನು.

ಓದು ಮುಗಿಯುವ ಹೊತ್ತಿಗೆ ನನ್ನನ್ನು ಕಂಡರು. ಒಂದು ಸಾಲು ತಡವರಿಸಿತು, ಮತ್ತೆ ಸರಿಹೋಯಿತು. ಚಪ್ಪಾಳೆಯಾಯಿತು. ಕಂಪನಿಯ ಯುವಕನೊಬ್ಬ ಬಟ್ಟೆ ಮುಚ್ಚಿದ ಪೀಠವನ್ನು ತಂದಿಟ್ಟು ಬಟ್ಟೆ ಎಳೆದ. ಹೊಸ ಗೊಂಬೆ, ಗಣಿಯ ಗಾಳಿಯಂತ್ರವನ್ನು ರಿಪೇರಿ ಮಾಡುವ ಹೆಂಗಸು. ಸರಣಿಯ ಎಲ್ಲ ಭಾಗದಲ್ಲೂ ಅವಳಿದ್ದಾಳೆ. ಪಕ್ಕದ ಮನೆಯ ತಮಿಳು ಗೆಳತಿ ಮತ್ತು ನಾನು ಟಾಕೀಸಿನಲ್ಲಿ ಶಿಳ್ಳೆ ಹೊಡೆದದ್ದು ಅವಳಿಗೇ. ಇಷ್ಟು ವರ್ಷದಲ್ಲಿ ಅವಳ ಗೊಂಬೆ ಮಾಡಿದ್ದು ಇದೇ ಮೊದಲು. ಬೆನ್ನಿನ ಹಿಂದೆ ತೆಳು ಕಂಬಿಯೊಂದು ಅವಳನ್ನು ಹಿಡಿದು ನಿಲ್ಲಿಸಿತ್ತು.

"ಮಿಸ್ಟರ್ ಭದ್ರಾವತಿ, ನಿಮ್ಮ ತೀರ್ಪು?" ಎಂದ ಯುವಕ.

ಇವರು ಗೊಂಬೆಯನ್ನು ಮುಟ್ಟಲೂ ಇಲ್ಲ. ಬಾಗಿ ನೋಡಿ, "ಸೂಪರ್ಬ್" ಎಂದರು. ಕ್ಯಾಮೆರಾಗಳು ಮಿಂಚಿದವು.

ನಾನು ಕುರ್ಚಿಗಳ ಮಧ್ಯೆ ನಡೆದು ವೇದಿಕೆ ಹತ್ತಿದೆ. ಯಾರೂ ತಡೆಯಲಿಲ್ಲ, ಕೊರಳಲ್ಲಿ ಚೀಟಿ ಇತ್ತಲ್ಲ. ಗೊಂಬೆಯನ್ನು ಕಂಬಿಯಿಂದ ಬಿಡಿಸಿ ಮೇಜಿನ ಮೇಲೆ ನಿಲ್ಲಿಸಿದೆ. ಕೈ ಬಿಟ್ಟೆ. ಮುಖ ಅಡಿಯಾಗಿ ಬಿದ್ದಿತು. ಪಾದ ಸರಿಮಾಡಿ ಮತ್ತೆ ನಿಲ್ಲಿಸಿದೆ. ಮತ್ತೆ ಬಿತ್ತು.

"ಇಟ್ ಡಸ್ ನಾಟ್ ಸ್ಟ್ಯಾಂಡ್" ಎಂದೆ. ಸಭೆ ನಿಶ್ಶಬ್ದವಾಗಿತ್ತು, ಮೈಕಿಲ್ಲದೆಯೂ ಕೇಳಿಸಿತು. ಒಂದೊಂದೇ ಪದ ಹುಡುಕಿ ಮುಂದುವರಿಸಿದೆ. ಸೊಂಟ ಸಣ್ಣದು ಮಾಡಲು ಹೋಗಿ ಕೀಲನ್ನು ಸಣ್ಣದು ಮಾಡಿದ್ದೀರಿ. ಇವಳು ಗಾಳಿಯಂತ್ರ ಹೊತ್ತು ಏಣಿ ಹತ್ತುವವಳು. ಗಂಡಸು ಗೊಂಬೆಗಳಿಗೆಲ್ಲ ದಪ್ಪ ಪಾದ ಕೊಟ್ಟಿದ್ದೀರಿ, ಇವಳಿಗೆ ಎತ್ತರದ ಹಿಮ್ಮಡಿಯ ಬೂಟು ಕೊಟ್ಟಿದ್ದೀರಿ. ಇವಳ ಉಗುರಿನಲ್ಲಿ ಮಸಿ ಎಲ್ಲಿ?

ಕಂಪನಿಯ ಯುವಕನ ಮುಖ ಕೆಂಪಗಾಯಿತು. ಡೆರಿಕ್ ಮೈಕು ಹಿಡಿದು ಮುಂದೆ ಬಂದ. "ಲೇಡೀಸ್ ಅಂಡ್ ಜಂಟಲ್‌ಮನ್, ಮಿಸೆಸ್ ಭದ್ರಾವತಿ! ನೋಡಿ, ಈ ಮನೆಯಲ್ಲಿ ಹೆಂಡತಿಗೂ ಎಷ್ಟು ಕಲಿಸಿದ್ದಾರೆ!" ಸಭೆ ನಕ್ಕಿತು. ಯಾರದೂ ಕೆಟ್ಟ ನಗುವಲ್ಲ. ಅದೇ ಕಷ್ಟ.

ನಾನು ಇವರ ಕಡೆ ತಿರುಗಿ ಕನ್ನಡದಲ್ಲಿ, "ಈಗಲಾದ್ರೂ ಹೇಳ್ರೀ" ಎಂದೆ.

ಇವರು ನನ್ನನ್ನು ನೋಡಿದರು. ಸಭೆಯನ್ನು ನೋಡಿದರು. ಡೆರಿಕ್‌ನ ಕೈಯಿಂದ ಮೈಕು ತೆಗೆದುಕೊಂಡರು. ಹೇಳುತ್ತಾರೆ ಎಂದು ನಾನು ನಂಬಿದೆ. ಆ ಗಳಿಗೆಯಲ್ಲಿ ಅವರೂ ಹೇಳಬೇಕೆಂದೇ ಇದ್ದರು, ಅದನ್ನು ನಾನು ಈಗಲೂ ನಂಬುತ್ತೇನೆ.

"ನನ್ನ ಹೆಂಡತಿಯ ಕಣ್ಣು ನನಗಿಂತ ಚೂಪು. ಮನೆಯಲ್ಲಿ ಇವಳಿಗೆ ಹೆದರಿಕೊಂಡೇ ನಾನು ಬರೆಯೋದು" ಎಂದರು.

ಚಪ್ಪಾಳೆ ಬಹಳ ಹೊತ್ತು ಬಿತ್ತು. ನಾನು "ಐ ಆಮ್" ಎಂದು ಶುರುಮಾಡಿದ್ದನ್ನು ಸಂಗೀತ ನುಂಗಿತು. ಯಾರೋ ಬಂದು ನನ್ನ ಕೈಗೆ ಆರ್ಕಿಡ್ ಹೂವಿನ ಗುಚ್ಛ ಕೊಟ್ಟರು. ಮೂವರನ್ನು ನಿಲ್ಲಿಸಿ ಫೋಟೋ ತೆಗೆದರು. ಇವರು, ಡೆರಿಕ್, ನಾನು. ಗೊಂಬೆಯನ್ನು ಮತ್ತೆ ಕಂಬಿಗೆ ಸಿಕ್ಕಿಸಿದ್ದರು.

ವಿಮಾನದಲ್ಲಿ

ಉಳಿದ ದಿನ ಊರು ತೋರಿಸಿದರು. ನೋಡಿದೆ. ಏನು ನೋಡಿದೆನೆಂದು ಬರೆಯುವಂಥದ್ದಿಲ್ಲ.

ವಾಪಸ್ ಬರುವಾಗ ಸಮುದ್ರ ಮುಗಿದು ನೆಲ ಕಾಣಿಸಿತು. ಆಮೇಲೆ ಇವರು ಮುಂದಿನ ಸೀಟಿನ ಬೆನ್ನು ನೋಡುತ್ತ ಹೇಳಿದರು. "ಎಷ್ಟು ವರ್ಷ ಆಗಿತ್ತು ಗೊತ್ತಾ, ಯಾರಾದ್ರೂ ಎದ್ದುನಿಂತು ನನ್ನ ಕೈ ಕುಲುಕಿ? ಆಫೀಸಲ್ಲಿ ಅಟೆಂಡರ್ ಕೂಡ ನೀರು ತಂದಿಡಲ್ಲ. ಎರಡು ದಿನ, ಸುಜಾತಾ. ಎರಡೇ ದಿನ ನಿನ್ನಿಂದ ಇಸ್ಕೊಂಡೆ ಅಂತ ತಿಳ್ಕೋ."

"ಇಸ್ಕೊಂಡವರು ಕೇಳ್ತಾರೆ" ಎಂದೆ.

ಅವರ ಕಣ್ಣು ತುಂಬಿತ್ತು. ನನ್ನ ಕಣ್ಣು ತುಂಬಲಿಲ್ಲ. ಈ ಮನುಷ್ಯನ ಕಷ್ಟ ನನಗೆ ಗೊತ್ತು, ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತು. ಗೊತ್ತಿದ್ದುದರಿಂದ ಏನೂ ಹಗುರಾಗಲಿಲ್ಲ.

ಮತ್ತೆ ವಿನೋಬನಗರ

ಬಂದ ವಾರದಲ್ಲೇ ಡೆರಿಕ್‌ಗೆ ಬರೆದೆ. ಎಸ್. ಎಂದರೆ ಸುಜಾತಾ, ಅಂದು ವೇದಿಕೆಯಲ್ಲಿ ಮಾತಾಡಿದ್ದು ನನ್ನ ಗಂಡ, ಬರೆದಿದ್ದು ನಾನು, ಹೊಸ ಗೊಂಬೆಯ ನಿಜವಾದ ವಿಮರ್ಶೆ ಇದರ ಜೊತೆಗಿದೆ, ಪೂರ್ತಿ ಹೆಸರಿನಲ್ಲಿ ಹಾಕಿ.

ಉತ್ತರ ಬೇಗ ಬಂತು. ಡೆರಿಕ್‌ಗೆ ಬಹಳ ಬೇಸರವಾಗಿತ್ತು, ಬಹಳ ಸಲ ಕ್ಷಮೆ ಕೇಳಿದ್ದ. ಆದರೆ ಫೋಟೋ ಎಲ್ಲ ಕಡೆ ಹೋಗಿಬಿಟ್ಟಿದೆ, ಕಂಪನಿಯವರು ಸೂಪರ್ಬ್ ಎಂಬ ಮಾತನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸುತ್ತಿದ್ದಾರೆ, ಈಗ ತಿದ್ದಿದರೆ ಎಲ್ಲರಿಗೂ ಅವಮಾನ, ನಿಮ್ಮ ಯಜಮಾನರಿಗೂ. ಹೇಗೂ ಎಸ್. ಎನ್ನುವುದು ಇಬ್ಬರಿಗೂ ಹೊಂದುತ್ತದೆ, ನೀವು ಹ್ಞೂಂ ಎಂದರೆ ಹಾಗೇ ನಡೆಸಿಕೊಂಡು ಹೋಗೋಣ ಎಂದು ಬರೆದಿದ್ದ. ನನ್ನ ವಿಮರ್ಶೆ ಪ್ರಕಟವಾಗಲಿಲ್ಲ. ನಾನು ಹ್ಞೂಂ ಅನ್ನಲಿಲ್ಲ, ಮುಂದೆ ಬರೆಯಲೂ ಇಲ್ಲ.

ಮಳೆಗಾಲ ಶುರುವಾದಾಗ ಮತ್ತೊಂದು ಪೆಟ್ಟಿಗೆ ಬಂತು, ಮಿಸ್ಟರ್ ಎಸ್. ಭದ್ರಾವತಿಯವರ ಹೆಸರಿಗೆ. ಭಾನುವಾರ ಬೆಳಗ್ಗೆ. ಇವರು ಸಹಿ ಹಾಕಿ ಒಳಗೆ ತಂದು ಊಟದ ಮೇಜಿನ ಮೇಲಿಟ್ಟರು. ನಾನು ಅಡುಗೆಮನೆಯಲ್ಲಿ ಅಕ್ಕಿರೊಟ್ಟಿಗೆ ನೀರು ಕಾಯಿಸುತ್ತಿದ್ದೆ.

"ಬಾರೇ, ಒಟ್ಟಿಗೆ ನೋಡೋಣ" ಎಂದು ಕರೆದರು.

"ನೀವೇ ನೋಡಿ."

"ಏನು ಬರೀಬೇಕು ಅಂತಾದ್ರೂ ಹೇಳು. ನಿನ್ನ ಹೆಸರೇ ಹಾಕಣ ಅಂತ ಈ ಸಲ ನಾನೇ ಅವನಿಗೆ ಹೇಳ್ತೀನಿ."

"ನೋಡಿದ್ದನ್ನ ಬರೀರಿ."

ಆಮೇಲೆ ಪೆಟ್ಟಿಗೆ ಹರಿಯುವ ಸದ್ದು ಕೇಳಿಸಿತು. ಹೊಸ ಗೊಂಬೆಗಳ ಕೀಲಿಗೆ ಬಣ್ಣ ಅಂಟಿಕೊಂಡು ಬಿಗಿಯಾಗಿರುತ್ತದೆ. ತಿರುಗಿಸುವ ಮೊದಲು ಬಿಸಿನೀರಿನಲ್ಲಿ ಅದ್ದಿ ಸಡಿಲ ಮಾಡಬೇಕು. ಅಷ್ಟು ಸಣ್ಣ ವಿಷಯವನ್ನು ಯಾರಿಗೂ ಹೇಳುವ ಪ್ರಸಂಗವೇ ಬಂದಿರಲಿಲ್ಲ. ಇವರು ತೋಳು ತಿರುಗಿಸಲು ನೋಡುತ್ತಿದ್ದಾರೆಂದು ಕುರ್ಚಿಯ ಕಿರುಗುಟ್ಟುವಿಕೆಯಿಂದಲೇ ತಿಳಿಯಿತು. ಬಲ ಹಾಕುತ್ತಿದ್ದರು.

ಟಕ್ ಎಂದಿತು.

"ಸುಜಾತಾ..." ಎಂದರು.

ಒಲೆಯ ಮೇಲೆ ನೀರು ಕುದಿಯುತ್ತಿತ್ತು. ನಾನು ಹಿಟ್ಟು ಹಾಕಿ ತೊಳಸತೊಡಗಿದೆ.